ಸಹಾಯ ಮಾಡುವುದು ಸುಲಭ, ತೆಗೆದುಕೊಳ್ಳುವುದು ಕಷ್ಟ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಪಕ್ಕದಲ್ಲಿ ಕೂತವರಿಗೆ ಉತ್ತರ ಹೇಳಬೇಡಿ, ಮನಸ್ಸಲ್ಲೇ ಹೇಳಿಕೊಳ್ಳಿ. ಹೋದ ಒಂದು ವರ್ಷದಲ್ಲಿ ನೀವು ಎಷ್ಟು ಜನರಿಗೆ ಸಹಾಯ ಮಾಡಿದ್ದೀರಿ? ನಾಲ್ಕೈದು ಹೆಸರು ಥಟ್ಟನೆ ಬಂದವು, ಅಲ್ವಾ? ಈಗ ಎರಡನೇ ಪ್ರಶ್ನೆ. ಎಷ್ಟು ಜನರ ಹತ್ತಿರ ಸಹಾಯ ಕೇಳಿದ್ದೀರಿ? ಈಗ ಸ್ವಲ್ಪ ತಡವಾಗ್ತಾ ಇದೆ. ನನಗೂ ಹಾಗೇ ಆಯಿತು.

ನಮ್ಮ ಭಾಷೆಯಲ್ಲಿ ಒಂದು ಮಾತಿದೆ: ಹಂಗು. "ಯಾರ ಹಂಗೂ ಇಲ್ಲದೆ ಬದುಕಿದೆ" ಅಂತ ನಮ್ಮ ಹಿರಿಯರು ಎದೆ ತಟ್ಟಿ ಹೇಳೋದನ್ನ ಕೇಳಿದ್ದೀವಿ. ನನ್ನ ತಂದೆಯೂ ಹೇಳೋರು. ಹಾಗಾದರೆ ಸ್ನೇಹಿತನಿಂದ ಸಹಾಯ ತೆಗೆದುಕೊಂಡರೆ ಅದೂ ಹಂಗೇನಾ? ಅದನ್ನು ಬೇಡ ಅನ್ನುವುದು ಸ್ವಾಭಿಮಾನವೋ, ಅಹಂಕಾರವೋ? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಬೈಬಲ್ ಕಾಲೇಜಿನಲ್ಲಿ ಅಲ್ಲ. ಸುಂಟಿಕೊಪ್ಪದ ಹತ್ತಿರ, ರಸ್ತೆ ಬದಿಯಲ್ಲಿ, ಬಾನೆಟ್ ಎತ್ತಿ ನಿಂತಿದ್ದಾಗ.

ನಿಮಗೆಲ್ಲ ಗೊತ್ತು, ನನ್ನ ಹತ್ತಿರ ತಂದೆಯ ಅಂಬಾಸಿಡರ್ ಇದೆ. ಮಾರ್ಕ್ 2, 1969ರ ಮಾಡೆಲ್. ಮೈಸೂರಿನ ರೈಲ್ವೆ ಸ್ಟೇಷನ್ ಎದುರು ಟ್ಯಾಕ್ಸಿಯಾಗಿ ಓಡಿ ನಮ್ಮ ಮನೆಗೆ ಅನ್ನ ಹಾಕಿದ ಗಾಡಿ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ಅಂಬಾಸಿಡರ್ ಮಾಡುವುದನ್ನೇ ನಿಲ್ಲಿಸಿದರು. ನನಗೆ ಮಾತ್ರ ಮಾರೋಕೆ ಮನಸ್ಸು ಬರಲಿಲ್ಲ. ಹಾಗೇ ಹಳೇ ಕಾರಿನವರ ಒಂದು ಗುಂಪಿನ ಪರಿಚಯ ಆಯಿತು. ಒಬ್ಬರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಅವರದ್ದು ಫಿಯಟ್ 1100. ಒಬ್ಬರು ಡಾಕ್ಟರು, ಮಾರಿಸ್ ಮೈನರ್ ಇಟ್ಟಿದ್ದಾರೆ. ಒಬ್ಬ ಹುಡುಗನದ್ದು ಸ್ಟ್ಯಾಂಡರ್ಡ್ ಹೆರಾಲ್ಡ್. ಇನ್ನೊಬ್ಬರು ಮೆಕ್ಯಾನಿಕ್ ಭಾಯ್, ಅವರದ್ದು ಹಳೇ ವಿಲ್ಲಿಸ್ ಜೀಪು. ಜಾತಿ, ಮತ, ಸಂಬಳ ಒಂದೂ ಹೊಂದಲ್ಲ. ಒಂದೇ ಒಂದು ಹೊಂದುತ್ತೆ: ಎಲ್ಲರ ಗಾಡಿಯೂ ಕೆಡುತ್ತೆ.

ಈ ಗಾಡಿಗಳಿಂದ ಲಾಭ ಅಂತ ಏನೂ ಇಲ್ಲ. 50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಬೇರೆ ನಿಯಮ ತಂದಿದೆ. ವಿಂಟೇಜ್ ಅಂತ ನೋಂದಾಯಿಸಿದರೆ ನಂಬರ್ ಪ್ಲೇಟಿನಲ್ಲಿ 'ವಿಎ' ಅನ್ನುವ ಅಕ್ಷರ ಬರುತ್ತೆ. ಹೊಸದಾಗಿ ನೋಂದಾಯಿಸೋಕೆ 20,000 ರೂಪಾಯಿ ಫೀಸು. ಅದಾದ ಮೇಲೆ ಬಾಡಿಗೆಗೆ ಬಿಡುವ ಹಾಗಿಲ್ಲ, ದಿನದ ಓಡಾಟಕ್ಕೂ ಬಳಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಅಂದರೆ ಲೋಕದ ಲೆಕ್ಕದಲ್ಲಿ ಇವು ಕೆಲಸಕ್ಕೆ ಬಾರದ ಗಾಡಿಗಳು. ಆದರೂ ಅವುಗಳ ಸುತ್ತ ಜನ ಸೇರ್ತಾರೆ.

ಒಂದು ಮಾರ್ಚ್ ತಿಂಗಳ ಶನಿವಾರ ಹನ್ನೊಂದು ಗಾಡಿ ಮಡಿಕೇರಿಗೆ ಹೊರಟೆವು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ತನಕ ತೊಂದರೆ ಇಲ್ಲ. ಅಲ್ಲಿಂದ ಮುಂದೆ ಏರು. ಮಧ್ಯಾಹ್ನದ ಬಿಸಿಲು ಬೇರೆ. ಸುಂಟಿಕೊಪ್ಪ ಬರುವ ಹೊತ್ತಿಗೆ ನನ್ನ ಗಾಡಿ ಎರಡು ಸಲ ಕೆಮ್ಮಿತು, ಮೂರನೇ ಸಲ ನಿಂತೇ ಹೋಯಿತು. ಭಾಯ್ ಬಂದು ನೋಡಿ "ವೇಪರ್ ಲಾಕ್" ಅಂದರು. ಗೊತ್ತಿಲ್ಲದವರಿಗೆ ಹೇಳ್ತೀನಿ. ಆ ಕಾಲದ ಗಾಡಿಗಳಲ್ಲಿ ಪೆಟ್ರೋಲ್ ಎಳೆಯುವ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತೆ. ಎಂಜಿನ್ ತುಂಬಾ ಕಾದರೆ ಪಂಪಿನಲ್ಲೂ ಪೈಪಿನಲ್ಲೂ ಇರುವ ಪೆಟ್ರೋಲ್ ಆವಿಯಾಗಿಬಿಡುತ್ತೆ. ಪಂಪು ದ್ರವವನ್ನು ತಳ್ಳಬಲ್ಲದು, ಆವಿಯನ್ನು ತಳ್ಳಲಾರದು. ಟ್ಯಾಂಕ್ ತುಂಬಾ ಪೆಟ್ರೋಲ್ ಇದ್ದರೂ ಎಂಜಿನ್ನಿಗೆ ಒಂದು ಹನಿ ಸಿಗಲ್ಲ. ಮದ್ದು ಏನು? ಒದ್ದೆ ಬಟ್ಟೆ ಸುತ್ತಿ ಕಾಯೋದು. ಅಷ್ಟೇ. ಅವಸರ ಮಾಡಿದರೆ ಬ್ಯಾಟರಿಯೂ ಹೋಗುತ್ತೆ.

ನಾನು ಆಗ ಹೇಳಿದ ಮೊದಲ ಮಾತು ಏನು ಗೊತ್ತಾ? "ನೀವೆಲ್ಲ ಹೊರಡಿ, ನಾನು ನೋಡ್ಕೋತೀನಿ." ಎಲ್ಲರೂ ನಕ್ಕರು. ಒಬ್ಬೊಬ್ಬರಾಗಿ ಎಂಜಿನ್ ಆಫ್ ಮಾಡಿದರು. ಹನ್ನೊಂದು ಗಾಡಿಯೂ ಸಾಲಾಗಿ ನಿಂತವು. ಭಾಯ್ ತಮ್ಮ ಹೆಗಲ ಮೇಲಿನ ಟವೆಲನ್ನು ನೀರಲ್ಲಿ ಅದ್ದಿ ಪಂಪಿಗೆ ಸುತ್ತಿದರು. ಮ್ಯಾನೇಜರ್ ಅವರ ಮನೆಯಮ್ಮ ಡಿಕ್ಕಿಯಿಂದ ಚಿತ್ರಾನ್ನದ ಡಬ್ಬಿ ತೆಗೆದರು. ಡಾಕ್ಟರು "ಪಾಯಿಂಟ್ ಸೆಟ್ ನೋಡ್ರೀ" ಅಂದರು, ಹೆರಾಲ್ಡ್ ಹುಡುಗ "ಕಂಡೆನ್ಸರ್ ಹೋಗಿದೆ" ಅಂದ. ಭಾಯ್ "ಡಾಕ್ಟ್ರೇ, ನೀವು ಪೇಷೆಂಟ್ ನೋಡಿ, ನಾನು ಇದನ್ನ ನೋಡ್ತೀನಿ" ಅಂದರು. ಮುಕ್ಕಾಲು ಗಂಟೆ ಆಯಿತು. ಆ ಮುಕ್ಕಾಲು ಗಂಟೆಯೂ ನನಗೆ ನಾಚಿಕೆ. ಇಷ್ಟು ಜನರ ದಿನ ಹಾಳು ಮಾಡಿದೆನಲ್ಲ ಅಂತ. ಚಿತ್ರಾನ್ನ ಗಂಟಲಲ್ಲಿ ಇಳಿಯಲಿಲ್ಲ.

ಗಾಡಿ ಸ್ಟಾರ್ಟ್ ಆಯಿತು. ನಾನು ಜೇಬಿಂದ 500 ರೂಪಾಯಿ ತೆಗೆದು ಭಾಯ್ ಕೈಗೆ ಕೊಡೋಕೆ ಹೋದೆ. ಅವರ ಮುಖ ಸಪ್ಪಗಾಯಿತು. "ಪಾಸ್ಟರ್ ಸಾಬ್, ನನ್ನ ಗ್ಯಾರೇಜಿಗೆ ಬನ್ನಿ, ಒಂದ್ ರೂಪಾಯಿ ಬಿಡಲ್ಲ, ಪೂರ್ತಿ ತಗೋತೀನಿ. ಅದು ನನ್ನ ಹೊಟ್ಟೆಪಾಡು. ಇಲ್ಲಿ ರೋಡಲ್ಲಿ ದುಡ್ಡು ಯಾಕೆ ಕೊಡ್ತೀರ? ಲೆಕ್ಕ ಚುಕ್ತಾ ಮಾಡ್ಬೇಕಾ? ಚುಕ್ತಾ ಆದ್ಮೇಲೆ ನೀವ್ಯಾರೋ, ನಾನ್ಯಾರೋ. ಇವತ್ತು ನಿಮ್ದು ನಿಂತಿದೆ, ನಾಳೆ ನಮ್ದು ನಿಲ್ಲುತ್ತೆ, ಬಿಡಿ."

ಪ್ರಿಯರೇ, ವಾರಾವಾರ ಇಲ್ಲಿ ನಿಂತು ನಿಮಗೆ ಹೇಳುವವನು ನಾನು. ಅವತ್ತು ಆ ಭಾಯ್ ನನಗೆ ಹೇಳಿದರು. ದುಡ್ಡು ಕೊಟ್ಟು ನಾನು ಕೃತಜ್ಞತೆ ತೋರಿಸ್ತಿರಲಿಲ್ಲ. ಅವರಿಂದ ಬಿಡಿಸಿಕೊಳ್ಳೋಕೆ ನೋಡ್ತಿದ್ದೆ.

ಕಾರಿನ ಇತಿಹಾಸದಲ್ಲೇ ಇದಕ್ಕೆ ಒಂದು ಸಾಕ್ಷಿ ಇದೆ. 1888ರ ಆಗಸ್ಟ್ ತಿಂಗಳು, ಜರ್ಮನಿ. ಬರ್ತಾ ಬೆಂಜ್ ಅನ್ನುವ ತಾಯಿ, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವರು ಮಾಡಿದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಅದು ಅವಳ ತವರು, ಸುಮಾರು 100 ಕಿಲೋಮೀಟರ್ ದೂರ. ಲೋಕದಲ್ಲಿ ಕಾರು ಅಷ್ಟು ದೂರ ಹೋಗಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಗಾಡಿ ಕೈ ಕೊಟ್ಟಿತು. ಇಂಧನದ ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಅಲ್ಲಿಯ ತನಕ ನೋಡಿದರೆ ಬಹಳ ಗಟ್ಟಿಗಿತ್ತಿ, ಯಾರೂ ಬೇಕಾಗಿಲ್ಲ ಅನಿಸುತ್ತೆ. ಆದರೆ ಇಂಧನ ಮುಗಿದಾಗ ವೀಸ್ಲೋಕ್ ಅನ್ನುವ ಊರಲ್ಲಿ ಔಷಧಿ ಅಂಗಡಿಯವನ ಹತ್ತಿರ ಕೇಳಿದಳು. ಚೈನು ಕೆಟ್ಟಾಗ ಕಮ್ಮಾರನ ಹತ್ತಿರ ಹೋದಳು. ಬ್ರೇಕು ಸವೆದಾಗ ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಏರು ಬಂದಾಗ ಮಕ್ಕಳು ಇಳಿದು ತಳ್ಳಿದರು. ಅವಳ ಧೈರ್ಯವನ್ನು ಎಲ್ಲರೂ ಹೊಗಳ್ತಾರೆ. ಊರೂರಲ್ಲಿ ನಿಲ್ಲಿಸಿ ಕೇಳುವುದಕ್ಕೂ ಧೈರ್ಯ ಬೇಕಿತ್ತು, ಅದನ್ನು ಮರೀಬೇಡಿ.

ಬೈಬಲ್ ಕಾಲೇಜಿನ ನೀತಿಶಾಸ್ತ್ರದ ತರಗತಿಯಲ್ಲಿ ನಾವು ಅರಿಸ್ಟಾಟಲ್‌ನನ್ನು ಸ್ವಲ್ಪ ಓದಿದ್ದೆವು. ಸ್ನೇಹದಲ್ಲಿ ಮೂರು ಬಗೆ ಅಂತ ಅವನು ವಿಂಗಡಿಸ್ತಾನೆ: ಉಪಯೋಗಕ್ಕೆ ಆಗುವ ಸ್ನೇಹ, ಖುಷಿಗೆ ಆಗುವ ಸ್ನೇಹ, ಒಬ್ಬರ ಒಳ್ಳೆಯತನವನ್ನು ಇನ್ನೊಬ್ಬರು ಮೆಚ್ಚಿ ಆಗುವ ಸ್ನೇಹ. ಒಟ್ಟಿಗೆ ಬೇಕಾದಷ್ಟು ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ತಿಳಿಯಲಾಗದು ಅನ್ನುವ ಗಾದೆಯನ್ನೂ ನೆನೆಸ್ತಾನೆ. ನಾವೂ ಉಪ್ಪಿನ ಋಣ ಅಂತೀವಲ್ಲ, ಹತ್ತಿರದ ಮಾತು. ಆದರೆ ಅದೇ ಪುಸ್ತಕದಲ್ಲಿ ಅವನು ದೊಡ್ಡ ಮನಸ್ಸಿನ ಮನುಷ್ಯನನ್ನು ವರ್ಣಿಸುವಾಗ, ಅಂಥವನಿಗೆ ಉಪಕಾರ ಮಾಡೋಕೆ ಇಷ್ಟ, ಉಪಕಾರ ಪಡೆಯೋಕೆ ನಾಚಿಕೆ ಅಂತಾನೆ. ಓದುವಾಗ ನನಗೆ ತಪ್ಪೇನೂ ಕಾಣಲಿಲ್ಲ. ನನ್ನ ತಂದೆಯನ್ನೇ ವರ್ಣಿಸಿದ ಹಾಗಿತ್ತು. ನನ್ನನ್ನೂ.

ಈಗ ಸತ್ಯವೇದಕ್ಕೆ ಬನ್ನಿ. ಯೋಹಾನನ ಸುವಾರ್ತೆ 4ನೇ ಅಧ್ಯಾಯ. ನಮ್ಮ ಕರ್ತನು ದಣಿದು ಬಾವಿ ಹತ್ತಿರ ಕೂತಿದ್ದಾನೆ. ಸಮಾರ್ಯದ ಹೆಂಗಸು ಬರ್ತಾಳೆ. ಆತನು ಅವಳ ಹತ್ತಿರ ಮೊದಲು ಏನು ಮಾಡ್ತಾನೆ? ಉಪದೇಶವಾ? ಅಲ್ಲ. ಕುಡಿಯೋಕೆ ನೀರು ಕೇಳ್ತಾನೆ. ದೋಣಿಯನ್ನು ಸೀಮೋನನ ಹತ್ತಿರ ಕೇಳಿದ. ಕತ್ತೆಮರಿಯನ್ನು ಬೇರೆಯವರಿಂದ ತರಿಸಿದ. ಗೆತ್ಸೆಮನೆಯ ರಾತ್ರಿಯಲ್ಲಿ ಮೂರು ಜನ ಸ್ನೇಹಿತರನ್ನು ತನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಂಡ. ಅವರು ನಿದ್ದೆ ಹೋದರು, ಅದು ಬೇರೆ. ಆದರೂ ಆತನು ಕೇಳಿದ. ಅದೇ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಕಾಲು ತೊಳೆಸಿಕೊಳ್ಳೋಕೆ ಒಪ್ಪದವನು ಯಾರು? ಪೇತ್ರ. ಬಾಯಲ್ಲಿ ವಿನಯ. ಆದರೆ ಹಾಗೆ ಹಟ ಹಿಡಿದರೆ ನನ್ನಲ್ಲಿ ನಿನಗೆ ಪಾಲೇ ಇಲ್ಲ ಅನ್ನುವ ಅರ್ಥದಲ್ಲಿ ಗುರು ಉತ್ತರ ಕೊಟ್ಟ. ಎಷ್ಟೋ ಸಲ ಓದಿದ್ದೆ. ಸುಂಟಿಕೊಪ್ಪ ಆದ ಮೇಲೆ ಓದಿದಾಗ ಪೇತ್ರನ ಜಾಗದಲ್ಲಿ ನಾನೇ ಕಂಡೆ.

ಯಾಕೆ ಅಂತ ಈಗ ಹೇಳಬೇಕು. ಇದು ಹೇಳೋಕೆ ಕಷ್ಟವಾದ ಭಾಗ. ಆ ಸಹೋದರನ ಒಪ್ಪಿಗೆ ತೆಗೆದುಕೊಂಡೇ ಹೇಳ್ತಾ ಇದ್ದೀನಿ, ಹೆಸರು ಹೇಳಲ್ಲ.

ನನಗೆ ಚಿಕ್ಕಂದಿನಿಂದ ಒಬ್ಬ ಸ್ನೇಹಿತ. ಸಂಡೇ ಸ್ಕೂಲಿನಲ್ಲಿ ಒಂದೇ ಚಾಪೆ ಮೇಲೆ ಕೂತವರು ನಾವು. ಇದೇ ಸಭೆಯಲ್ಲಿ ಗಿಟಾರ್ ನುಡಿಸ್ತಿದ್ದ. ಒಂದು ದಿನದಿಂದ ಬರೋದು ನಿಲ್ಲಿಸಿದ. ಒಂದು ವಾರ, ಎರಡು ವಾರ, ಎಂಟು ತಿಂಗಳು. ಫೋನ್ ಮಾಡಿದರೆ "ಶಿಫ್ಟ್ ಇದೆ ಕಣೋ" ಅಂತಿದ್ದ. ನಾನು ಏನು ಮಾಡಿದೆ? ವಿಶ್ವಾಸದಲ್ಲಿ ಬಲಹೀನನಾದ ಅಂದುಕೊಂಡೆ. ಅವನನ್ನು ಮನಸ್ಸಲ್ಲಿಟ್ಟುಕೊಂಡೇ ಹಿಂಜಾರುವವರ ಬಗ್ಗೆ ಇದೇ ಜಾಗದಲ್ಲಿ ನಿಂತು ಪ್ರಸಂಗ ಮಾಡಿದೆ. ನಿಮ್ಮಲ್ಲಿ ಕೆಲವರು ಚೆನ್ನಾಗಿತ್ತು ಅಂದಿರಿ. ಕರ್ತನು ನನ್ನನ್ನು ಕ್ಷಮಿಸಲಿ.

ಮಡಿಕೇರಿಯಿಂದ ಬಂದ ಮಾರನೇ ವಾರ ಅವನ ಮನೆಗೆ ಹೋದೆ. ಕೆಲಸ ಹೋಗಿ ಒಂಬತ್ತು ತಿಂಗಳಾಗಿತ್ತು. ಶಿಫ್ಟ್ ಅಂತ ಇರಲೇ ಇಲ್ಲ. ಹೆಂಡತಿಯ ಬಳೆ ಅಡ ಹೋಗಿತ್ತು, ಮಗಳ ಸ್ಕೂಲ್ ಫೀಸು ಬಾಕಿ. ನನಗೆ ಅಳು ಬಂತು, ಕೋಪವೂ ಬಂತು. "ನನಗ್ಯಾಕೋ ಹೇಳ್ಲಿಲ್ಲ? ಇಪ್ಪತ್ತೈದು ವರ್ಷದ ಸ್ನೇಹ ಅಲ್ವೇನೋ?" ಅಂದೆ. ಅವನು ಸುಮ್ಮನೆ ಕೂತಿದ್ದ. ಆಮೇಲೆ ಕೇಳಿದ, "ನಿಮ್ಮಪ್ಪ ಆಸ್ಪತ್ರೇಲಿದ್ದಾಗ ನಾನೊಂದು ಕವರ್ ತಂದಿದ್ದೆ, ಜ್ಞಾಪಕ ಇದ್ಯಾ?"

ಇತ್ತು. ಚೀಟಿ ಎತ್ತಿ 15,000 ರೂಪಾಯಿ ತಂದಿದ್ದ. ನಾನು ಅವನ ಬೆನ್ನು ತಟ್ಟಿ, "ದೇವರು ನೋಡ್ಕೋತಾರೆ ಕಣೋ, ನಿನಗೇ ಸಂಸಾರ ಇದೆ" ಅಂತ ಕವರ್ ವಾಪಸ್ ಅವನ ಜೇಬಿಗೇ ಇಟ್ಟಿದ್ದೆ. ಆ ರಾತ್ರಿ ನಾನು ಏನು ಮಾಡಿದೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಗೆ ಒಬ್ಬರ ಹತ್ತಿರ ಸಾಲ ತಂದೆ. ಬಡ್ಡಿಯವನ ಮುಂದೆ ಕೈಕಟ್ಟಿ ನಿಲ್ಲೋಕೆ ನನಗೆ ನಾಚಿಕೆಯಾಗಲಿಲ್ಲ. ಸ್ನೇಹಿತನ ಹಂಗು ಮಾತ್ರ ಬೇಡವಾಗಿತ್ತು. ದೇವರು ನೋಡ್ಕೋತಾರೆ ಅಂದೆನಲ್ಲ, ದೇವರು ಆ ಕವರಿನಲ್ಲೇ ನೋಡಿಕೊಂಡಿದ್ದರೇನೋ. ನಾನೇ ವಾಪಸ್ ಕಳಿಸಿದೆ.

ಅವನು ಹೇಳಿದ, "ಅವತ್ತು ನೀನು ಕವರ್ ವಾಪಸ್ ಕೊಟ್ಯಲ್ಲ, ಅವತ್ತೇ ಅನ್ಕೊಂಡೆ. ಇವನ ಗಾಡಿ ಯಾವತ್ತೂ ನಿಲ್ಲಲ್ಲ. ನನ್ನದು ನಿಂತ್ರೆ ಇವನ ಮುಂದೆ ಹೆಂಗೋ ಬಾನೆಟ್ ಎತ್ತಲಿ?"

ಪ್ರಿಯರೇ, ಈ ಪ್ರಸಂಗದಲ್ಲಿ ನಾನು ಹೇಳಬೇಕಾದ್ದು ಇಷ್ಟೇ. ಸಹಾಯ ಬೇಡ ಅಂದಾಗ ನಾವು ನಮ್ಮೊಬ್ಬರ ಬಾಗಿಲನ್ನು ಮಾತ್ರ ಮುಚ್ಚಿದೆವು ಅಂದುಕೊಳ್ತೀವಿ. ಎದುರಿನವನು ನಮ್ಮ ಹತ್ತಿರ ಬರುವ ಬಾಗಿಲೂ ಅದರ ಜೊತೆಗೇ ಮುಚ್ಚಿಹೋಗುತ್ತೆ. ಯಾವಾಗಲೂ ಕೊಡುವ ಜಾಗದಲ್ಲೇ ನಿಂತವನು ಎತ್ತರದಲ್ಲಿ ನಿಂತಿರ್ತಾನೆ. ಅಲ್ಲಿಗೆ ಸ್ನೇಹಿತ ಹತ್ತೋಕಾಗಲ್ಲ.

ನನ್ನ ತಂದೆ ಹೇಳಿದ್ದು ಸುಳ್ಳಾ? ಅಲ್ಲ. ಅವರು ಹನ್ನೆರಡು ವರ್ಷ ಬೇರೆಯವರ ಟ್ಯಾಕ್ಸಿ ಓಡಿಸಿದವರು. ಮಾಲೀಕ ಹಬ್ಬಕ್ಕೆ ನೂರು ರೂಪಾಯಿ ಕೊಟ್ಟು ವರ್ಷವಿಡೀ ಆಡಿಕೊಳ್ತಿದ್ದ. ಅದು ಹಂಗು. ಕೊಟ್ಟವನು ಮೇಲೆ ನಿಂತು, ಪಡೆದವನು ಕೆಳಗೇ ಇರಬೇಕು ಅಂತ ಬಯಸುವ ಕಡೆ ಹಂಗು ಇರುತ್ತೆ. ಅದರಿಂದ ಓಡಿ ಹೋಗಬೇಕು, ನಿಜ. ಆದರೆ ಸುಂಟಿಕೊಪ್ಪದಲ್ಲಿ ನಿಂತ ಹನ್ನೊಂದು ಗಾಡಿಯವರಲ್ಲಿ ಒಬ್ಬರೂ ಮೇಲೆ ನಿಂತಿರಲಿಲ್ಲ. ಮುಂದಿನ ತಿರುವಿನಲ್ಲಿ ತನ್ನದೇ ನಿಲ್ಲಬಹುದು ಅಂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅಂಥ ಕಡೆ ಹಂಗಿನ ಮಾತೇ ಇಲ್ಲ.

ಹಾಗಾದರೆ ಪಾಸ್ಟರೇ, ಎಲ್ಲದಕ್ಕೂ ಕೈಚಾಚಿ ಕೂರಬಹುದಾ ಅಂತ ಕೇಳ್ತೀರಿ. ಗಲಾತ್ಯದವರಿಗೆ ಬರೆದ ಪತ್ರಿಕೆ 6ನೇ ಅಧ್ಯಾಯ ತೆಗೆಯಿರಿ. 2ನೇ ವಚನದಲ್ಲಿ ಪೌಲನು ಒಬ್ಬರ ಭಾರ ಇನ್ನೊಬ್ಬರು ಹೊರಬೇಕು ಅಂತಾನೆ. 5ನೇ ವಚನದಲ್ಲಿ ಅವನವನ ಹೊರೆ ಅವನವನೇ ಹೊರಬೇಕು ಅಂತಾನೆ. ಪೌಲನಿಗೆ ಮರೆತು ಹೋಯಿತಾ? ಇಲ್ಲ. ಗ್ರೀಕಿನಲ್ಲಿ ಎರಡು ಬೇರೆ ಪದ. ಮೊದಲನೆಯದು ಬಾರೊಸ್, ಅಂದರೆ ತೂಕ, ಜಗ್ಗುವ ಭಾರ. ಎರಡನೆಯದು ಫೋರ್ತಿಯೊನ್, ಒಬ್ಬನ ಪಾಲಿಗೆ ಬಂದ ಹೊರೆ, ಅವನವನ ಗಂಟು. ನಮ್ಮ ಗುಂಪಿನಲ್ಲೂ ಇದೇ ನಿಯಮ. ಹೊರಡುವಾಗ ಪ್ರತಿಯೊಬ್ಬನ ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟು, ಪಾಯಿಂಟ್ ಸೆಟ್ಟು, ಕಂಡೆನ್ಸರ್, ಪ್ಲಗ್ಗು, ನೀರಿನ ಕ್ಯಾನು, ಎಳೆಯೋಕೆ ಹಗ್ಗ ಇರಲೇಬೇಕು. ಅದು ಅವನವನ ಗಂಟು. ಅಷ್ಟು ಇದ್ದೂ ಗಾಡಿ ನಿಂತರೆ, ಅದು ಎಲ್ಲರ ಭಾರ. ಒಬ್ಬ ಸರ್ವಿಸ್ ಮಾಡಿಸದೆ, ಸ್ಟೆಪ್ನಿ ಕೂಡ ಇಲ್ಲದೆ ಮೂರು ಟ್ರಿಪ್ ಬಂದ. ಮೂರು ಸಲವೂ ಬೇರೆಯವರ ಸಾಮಾನು. ನಾಲ್ಕನೇ ಸಲ ಮ್ಯಾನೇಜರು ಅವನನ್ನು ಪಕ್ಕಕ್ಕೆ ಕರೆದು, "ಗಾಡಿ ರೆಡಿ ಮಾಡ್ಕೊಂಡು ಬಾ ಮಗಾ, ಅಲ್ಲೀವರೆಗೆ ನನ್ನ ಫಿಯಟ್‌ನಲ್ಲಿ ಕೂತ್ಕೋ" ಅಂದರು. ಅದೂ ಸ್ನೇಹವೇ.

ಸಹಾಯ ಮಾಡುವವರಿಗೂ ಒಂದು ಮಾತು. ಗಾಡಿ ನಿಂತಾಗ "ಅವತ್ತೇ ಹೇಳಿದ್ದೆ" ಅನ್ನುವವನು ಇರ್ತಾನಲ್ಲ, ಅವನು ಸ್ಪ್ಯಾನರ್ ಹಿಡಿದಿದ್ದರೂ ಭಾರ ಹೊರ್ತಾ ಇಲ್ಲ, ಹೊರಿಸ್ತಾ ಇದ್ದಾನೆ. ಯೋಬನ ಸ್ನೇಹಿತರನ್ನು ನೋಡಿ. ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯ ತನಕ ಅವರಂಥ ಸ್ನೇಹಿತರಿಲ್ಲ. ಕಾರಣ ಹೇಳೋಕೆ ಬಾಯಿ ತೆರೆದ ಮೇಲೆ ಕೆಟ್ಟರು. ವೇಪರ್ ಲಾಕ್ ಆದಾಗ ಒದ್ದೆ ಬಟ್ಟೆ ಹಾಕಿ ಕಾಯಬೇಕು ಅಂದೆನಲ್ಲ. ಕೆಲವು ಮನುಷ್ಯರಿಗೂ ಅಷ್ಟೇ ಬೇಕು. ನಾವು ಸೆಲ್ಫ್ ತಿರುಗಿಸ್ತಾನೇ ಇರ್ತೀವಿ.

ಕೊನೆಗೆ, ಸಾಲಾಗಿ ಹೋಗುವಾಗ ನಮ್ಮ ಗುಂಪಿನ ಒಂದು ಪದ್ಧತಿ ಹೇಳ್ತೀನಿ. ಮುಂದಿನ ಗಾಡಿಯನ್ನು ಹಿಡಿಯೋದು ಮುಖ್ಯ ಅಲ್ಲ. ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣಿಸ್ತಾ ಇರಬೇಕು. ಕಾಣದಿದ್ದರೆ ನೀನು ನಿಲ್ಲಬೇಕು. ನೀನು ನಿಂತರೆ ನಿನ್ನ ಮುಂದಿನವನ ಕನ್ನಡಿಯಲ್ಲಿ ನೀನು ಕಾಣಲ್ಲ, ಅವನೂ ನಿಲ್ತಾನೆ. ಹೀಗೆ ಹನ್ನೊಂದು ಗಾಡಿಯೂ ನಿಲ್ಲುತ್ತೆ. ನನ್ನ ಕನ್ನಡಿಯಲ್ಲಿ ನನ್ನ ಸ್ನೇಹಿತ ಎಂಟು ತಿಂಗಳು ಕಾಣಲಿಲ್ಲ. ನಾನು ನಿಲ್ಲಲಿಲ್ಲ, ಪ್ರಸಂಗ ಮಾಡ್ತಾ ಮುಂದೆ ಹೋದೆ.

ಅವತ್ತು ಅವನ ಮನೆಯಲ್ಲಿ ದುಡ್ಡು ಕೊಡೋಕೆ ನನಗೆ ಧೈರ್ಯ ಬರಲಿಲ್ಲ. ಕೊಟ್ಟರೆ ಮತ್ತೆ ನಾನೇ ಮೇಲೆ ನಿಂತ ಹಾಗೆ. ಬದಲಿಗೆ ಬಡ್ಡಿ ಸಾಲದ ವಿಷಯ ಹೇಳಿದೆ, ಅದು ಇನ್ನೂ ತೀರಿಲ್ಲ ಅಂತಲೂ ಹೇಳಿದೆ. ಆಮೇಲೆ "ಶನಿವಾರ ಗಾಡಿಯ ರೇಡಿಯೇಟರ್ ಬಿಚ್ಚಬೇಕು, ಒಬ್ಬನ ಕೈಲಾಗಲ್ಲ, ಬರ್ತೀಯಾ?" ಅಂತ ಕೇಳಿದೆ. ನಿಜವಾಗಿಯೂ ಒಬ್ಬನ ಕೈಲಾಗಲ್ಲ. ಬಂದ. ಕೈಯೆಲ್ಲ ಗ್ರೀಸ್ ಮಾಡಿಕೊಂಡು ಇಬ್ಬರೂ ಸಂಜೆ ತನಕ ಕೂತೆವು. ಎರಡನೇ ಶನಿವಾರ ಅವನೇ ಫೀಸಿನ ವಿಷಯ ಎತ್ತಿದ. ಇಬ್ಬರೂ ಸೇರಿ ಏನೋ ದಾರಿ ಮಾಡಿದೆವು. ಭಾಯ್ ತಮ್ಮ ಗ್ಯಾರೇಜಿನ ಲೆಕ್ಕ ಬರೆಯೋಕೆ ಅವನನ್ನು ಕರೆದಿದ್ದಾರೆ.

ಅವನು ಇನ್ನೂ ಸಭೆಗೆ ಬಂದಿಲ್ಲ. ಗಿಟಾರಿನ ಪಕ್ಕದ ಆ ಕುರ್ಚಿ ಇವತ್ತೂ ಖಾಲಿ ಇದೆ, ನೋಡಿ. ಬಾ ಅಂತ ನಾನು ಒತ್ತಾಯ ಮಾಡಿಲ್ಲ. ಶನಿವಾರ ಬರ್ತಾನೆ, ನನಗೆ ಸದ್ಯಕ್ಕೆ ಅಷ್ಟು ಸಾಕು.

ಈ ವಾರ ಎರಡು ಕೆಲಸ ಮಾಡಿ. ನಿಮ್ಮ ಕನ್ನಡಿಯಲ್ಲಿ ಯಾರು ಕಾಣ್ತಾ ಇಲ್ಲ ಅಂತ ನೋಡಿ, ಅವರ ಮನೆಗೆ ಹೋಗಿ. ಹೋದಾಗ ಏನನ್ನಾದರೂ ಕೊಡೋಕೆ ಮುಂಚೆ, ಒಂದು ಲೋಟ ನೀರನ್ನಾದರೂ ಕೇಳಿ ಕುಡಿಯಿರಿ. ನಮ್ಮ ಕರ್ತನೂ ಅಲ್ಲಿಂದಲೇ ಶುರು ಮಾಡಿದ್ದು. ಆಮೆನ್.